ನೋವೇ ಇಲ್ಲ, ಆದರೂ ಹಲ್ಲು ತೋರಿಸಬೇಕಾ ಡಾಕ್ಟ್ರೇ?

ಪ್ರಶ್ನೆ (ತೀರ್ಥಹಳ್ಳಿಯ ಸದಸ್ಯೆ): ನಮಸ್ತೆ ಡಾಕ್ಟ್ರೇ. ನನಗೆ 38 ವರ್ಷ. ಹಲ್ಲುನೋವು ಅಂತ ಇದುವರೆಗೆ ಬಂದಿಲ್ಲ. ಉಜ್ಜುವಾಗ ಸ್ವಲ್ಪ ರಕ್ತ ಬರುತ್ತೆ, ಅಷ್ಟೇ. ಗೆಳತಿಯೊಬ್ಬಳು ಆರು ತಿಂಗಳಿಗೊಮ್ಮೆ ತೋರಿಸು ಅಂತಾಳೆ. ನಮ್ಮ ಅತ್ತೆ "ಕ್ಲೀನಿಂಗ್ ಮಾಡಿಸಿದ ಮೇಲೇ ನನ್ನ ಹಲ್ಲು ಅಲ್ಲಾಡೋಕೆ ಶುರುವಾಯ್ತು, ನೀನು ಹೋಗಬೇಡ" ಅಂತಾರೆ. ಯಾರ ಮಾತು ಕೇಳಲಿ?

ಉತ್ತರ (ದಂತವೈದ್ಯೆ, ಶಿವಮೊಗ್ಗ): ಅತ್ತೆ ಸುಳ್ಳು ಹೇಳುತ್ತಿಲ್ಲ. ಹಲ್ಲು ಅಲ್ಲಾಡಿದ್ದು ನಿಜ, ಕಾರಣ ಮಾತ್ರ ಬೇರೆ.

ಬೋರ್ ನೀರು ಕಾಸುವ ಹಂಡೆಯ ಒಳಗೆ ಬಿಳಿ ಪದರ ಕಟ್ಟುತ್ತದಲ್ಲ, ಹಲ್ಲಿನ ಮೇಲೂ ಹಾಗೇ. ಉಜ್ಜದೆ ಉಳಿದ ಪಾಚಿಗೆ ಎಂಜಲಿನಲ್ಲಿರುವ ಕ್ಯಾಲ್ಸಿಯಂ ಸೇರಿ ಕಲ್ಲಾಗುತ್ತದೆ. ಆಮೇಲೆ ಎಷ್ಟು ತಿಕ್ಕಿದರೂ ಬ್ರಷ್‌ಗೆ ಅದು ಜಗ್ಗುವುದಿಲ್ಲ. ಅದು ವಸಡಿನ ಕೆಳಗೆ ಇಳಿದರೆ ಹಲ್ಲು ಹಿಡಿದುಕೊಂಡಿರುವ ಮೂಳೆ ನಿಧಾನವಾಗಿ ಕರಗುತ್ತದೆ. ಇದಕ್ಕೆಲ್ಲ ವರ್ಷಗಳೇ ಹಿಡಿಯುತ್ತವೆ, ಆದರೆ ನೋವು ಇರುವುದಿಲ್ಲ. ಮೂಳೆ ಹೋದ ಹಲ್ಲನ್ನು ಆ ಕಲ್ಲೇ ಅಕ್ಕಪಕ್ಕದ ಹಲ್ಲಿಗೆ ಅಂಟಿಸಿ ನಿಲ್ಲಿಸಿರುತ್ತದೆ. ನಾವು ಕಲ್ಲು ತೆಗೆದ ದಿನ ಸಂದು ಕಾಣುತ್ತದೆ, ಹಲ್ಲು ಅಲ್ಲಾಡುತ್ತದೆ, ಬೈಗುಳ ನಮಗೆ ಬರುತ್ತದೆ. ಅವರು ಹತ್ತು ವರ್ಷ ಮೊದಲು ಬಂದಿದ್ದರೆ ಹೀಗಾಗುತ್ತಿರಲಿಲ್ಲ.

ಇನ್ನು ನಿಮ್ಮ ವಿಷಯ. ಉಜ್ಜುವಾಗ ರಕ್ತ ಬರುವುದು "ಅಷ್ಟೇ" ಅಲ್ಲ. ಕೈ ತೊಳೆಯುವಾಗ ಬೆರಳಿನಿಂದ ರಕ್ತ ಬಂದರೆ ಸುಮ್ನೆ ಇರುತ್ತೀರಾ? ವಸಡು ಬಾತಿದೆ ಅಂತ ಅರ್ಥ. ಈ ಹಂತದಲ್ಲಿ ಬಂದರೆ ಒಮ್ಮೆ ಕ್ಲೀನಿಂಗ್ ಮಾಡಿಸಿ, ಸರಿಯಾಗಿ ಉಜ್ಜಿದರೆ ಸಾಮಾನ್ಯವಾಗಿ ಸರಿಹೋಗುತ್ತದೆ. ರಕ್ತ ಬರುತ್ತದೆಂದು ಆ ಜಾಗ ಬಿಟ್ಟು ಉಜ್ಜುವವರು ಜಾಸ್ತಿ. ಅದರಿಂದ ಇನ್ನೂ ಕೆಡುತ್ತದೆ. ಮನೆಯಲ್ಲಿ ಯಾರಿಗಾದರೂ ಸಕ್ಕರೆ ಕಾಯಿಲೆ ಇದ್ದರೆ ಅವರ ವಸಡನ್ನೂ ತೋರಿಸಿ. ಸಕ್ಕರೆ ಏರಿದರೆ ವಸಡು ಕೆಡುತ್ತದೆ, ವಸಡು ಕೆಟ್ಟರೆ ಸಕ್ಕರೆ ಹತೋಟಿಗೆ ಬರುವುದೂ ಕಷ್ಟ.

ಅದೇ ಸದಸ್ಯೆ: ಹುಳುಕಿದ್ದರೆ ನೋವು ಬರಬೇಕಲ್ವಾ ಡಾಕ್ಟ್ರೇ?

ಉತ್ತರ: ಬರುತ್ತದೆ, ಕೊನೆಗೆ. ಹಲ್ಲಿನ ಹೊರಪದರದಲ್ಲಿ ನರವೇ ಇಲ್ಲ. ಹುಳುಕು ಅಲ್ಲಿರುವಾಗ ಏನೂ ಗೊತ್ತಾಗುವುದಿಲ್ಲ. ಎರಡನೇ ಪದರಕ್ಕೆ ಇಳಿದಾಗ ತಣ್ಣೀರು, ಸಿಹಿ ತಾಗಿದರೆ ಜುಂ ಅನ್ನಬಹುದು. ರಾತ್ರಿ ನಿದ್ದೆಗೆಡಿಸುವ ಸೆಳೆತ ಶುರುವಾಯಿತೆಂದರೆ ನರದವರೆಗೆ ಹೋಗಿರುತ್ತದೆ. ಆಗ ರೂಟ್ ಕೆನಾಲ್ ಮಾಡಬೇಕು, ಇಲ್ಲವೇ ಹಲ್ಲು ಕೀಳಬೇಕು. ಮೊದಲೇ ಕಂಡಿದ್ದರೆ ಒಂದು ಚಿಕ್ಕ ಫಿಲ್ಲಿಂಗ್‌ನಲ್ಲಿ ಮುಗಿಯುತ್ತಿತ್ತು.

ಹಾಗಂತ ಆರು ತಿಂಗಳು ಅನ್ನುವುದು ಎಲ್ಲರಿಗೂ ಒಂದೇ ಲೆಕ್ಕ ಅಲ್ಲ. ವಸಡಿನ ತೊಂದರೆ, ಸಕ್ಕರೆ, ತಂಬಾಕು ಇದ್ದವರು ಮೂರು ತಿಂಗಳಿಗೇ ಬರಬೇಕಾಗಬಹುದು. ಬಾಯಿ ಚೆನ್ನಾಗಿಟ್ಟುಕೊಂಡವರಿಗೆ ವರ್ಷಕ್ಕೊಮ್ಮೆ ಸಾಕು. ಪ್ರತಿ ಸಲವೂ ಕ್ಲೀನಿಂಗ್ ಬೇಕೆಂದೇನೂ ಇಲ್ಲ. ನೋಡಿ "ಏನೂ ಬೇಡ, ಹೋಗಿ ಬನ್ನಿ" ಅಂತ ಕಳಿಸುವ ಡಾಕ್ಟರ್ ಸಿಕ್ಕರೆ ಬಿಡಬೇಡಿ.

ಪ್ರಶ್ನೆ (ಪಾವಗಡದ ಸದಸ್ಯ): ಮೇಡಂ, ಮಗನಿಗೆ 7 ವರ್ಷ. ಹಿಂದಿನ ದೊಡ್ಡ ಹಲ್ಲೊಂದು ಹುಳುಕಾಗಿದೆ. ಹಾಲುಹಲ್ಲು, ಬಿದ್ದುಹೋಗುತ್ತೆ ಅಂತ ಬಿಟ್ಟಿದ್ದೇವೆ. ಮುಂದಿನ ಹಲ್ಲಿನ ಮೇಲೆ ಕಂದು ಕಲೆಗಳೂ ಇವೆ. ಇದ್ದಿಲಿನಲ್ಲಿ ತಿಕ್ಕಿದರೆ ಹೋಗುತ್ತಾ?

ಉತ್ತರ: ತೀರಾ ಹಿಂದಿನದಾದರೆ ಅದು ಹಾಲುಹಲ್ಲು ಆಗಿರಲಾರದು ಸರ್. ಆರನೇ ವರ್ಷದ ಸುಮಾರಿಗೆ ಹಾಲುಹಲ್ಲುಗಳ ಹಿಂದೆ ಹೊಸ ದವಡೆಹಲ್ಲು ಬರುತ್ತದೆ. ಅದು ಬರುವಾಗ ಯಾವ ಹಲ್ಲೂ ಬೀಳುವುದಿಲ್ಲ, ಅದಕ್ಕೇ ತಂದೆ ತಾಯಿಗೆ ಗೊತ್ತೇ ಆಗುವುದಿಲ್ಲ. ಅದು ಜೀವನಪೂರ್ತಿ ಇರಬೇಕಾದ ಹಲ್ಲು. ನಾನು ಮಕ್ಕಳ ಬಾಯಲ್ಲಿ ನೋಡುವ ಅತಿ ದೊಡ್ಡ ನಷ್ಟ ಇದೇ. ಈ ವಾರವೇ ತೋರಿಸಿ. ಬೇರೆ ಮೂರು ಮೂಲೆಯ ದವಡೆಹಲ್ಲು ಚೆನ್ನಾಗಿದ್ದರೆ, ಅವುಗಳ ಗುಳಿ ಮುಚ್ಚುವ ಸೀಲೆಂಟ್ ಹಾಕುತ್ತಾರಾ ಕೇಳಿ. ಕೊರೆಯುವುದಿಲ್ಲ, ನೋವಿಲ್ಲ.

ಕಂದು ಕಲೆಗೆ ನಿಮ್ಮ ಕಡೆಯ ಬೋರ್‌ವೆಲ್ ನೀರಿನ ಫ್ಲೋರೈಡ್ ಕಾರಣ ಇರಬಹುದು. ಹಲ್ಲು ದವಡೆಯೊಳಗೆ ತಯಾರಾಗುವಾಗಲೇ ಬಿದ್ದ ಕಲೆ ಅದು. ಇದ್ದಿಲು, ಇಟ್ಟಿಗೆಪುಡಿ, ಉಪ್ಪಿನಲ್ಲಿ ತಿಕ್ಕಿದರೆ ಕಲೆ ಹೋಗುವುದಿಲ್ಲ, ಹಲ್ಲು ಸವೆಯುತ್ತದೆ. ನೀರು ಪರೀಕ್ಷೆ ಮಾಡಿಸಿ. ಕುಡಿಯುವ ನೀರಿನಲ್ಲಿ ಫ್ಲೋರೈಡ್ ಲೀಟರಿಗೆ 1 ಮಿಲಿಗ್ರಾಂ ಒಳಗಿರಬೇಕು, ಬೇರೆ ದಾರಿಯೇ ಇಲ್ಲದಿದ್ದರೆ ಹೆಚ್ಚೆಂದರೆ 1.5. ಕಾಯಿಸಿದರೆ ಫ್ಲೋರೈಡ್ ಹೋಗುವುದಿಲ್ಲ. ಮನೆಯಲ್ಲಿ ಇನ್ನೂ ಚಿಕ್ಕ ಮಗು ಇದ್ದರೆ ಶುದ್ಧ ನೀರಿನ ಘಟಕದ ನೀರನ್ನು ಕುಡಿಯೋದಕ್ಕೆ ಮಾತ್ರವಲ್ಲ, ಅಡುಗೆಗೂ ಬಳಸಿ. ಮಗನಿಗೆ ಪೇಸ್ಟ್ ಬಟಾಣಿ ಕಾಳಿನಷ್ಟು ಸಾಕು. ನುಂಗದೆ ಉಗಿಯಲು ಹೇಳಿಕೊಡಿ.

ಪ್ರಶ್ನೆ (ಹಾಸನದಿಂದ): ಮೇಲಿನ ಹಲ್ಲು ಕೀಳಿಸಿದರೆ ಕಣ್ಣು ಮಂಜಾಗುತ್ತಂತೆ, ಹೌದಾ?

ಉತ್ತರ: ಇಲ್ಲ. ಎರಡಕ್ಕೂ ನರ ಬೇರೆ. ಹಲ್ಲು ಕೀಳಿಸುವ ವಯಸ್ಸಿಗೇ ಚಾಳೀಸು ಬರುತ್ತದೆ, ಅಷ್ಟೇ.

ಪ್ರಶ್ನೆ (ಬೆಂಗಳೂರಿನಿಂದ): ದುಡ್ಡಿನ ಮಾತೂ ಹೇಳಿ. ಮೂರು ಜನ ಮಕ್ಕಳು, ಕ್ಲಿನಿಕ್ ಮೆಟ್ಟಿಲು ಹತ್ತೋಕೇ ಭಯ.

ಉತ್ತರ: ವಿಕ್ಟೋರಿಯಾ ಆಸ್ಪತ್ರೆಯ ಆವರಣದಲ್ಲಿ ಸರ್ಕಾರಿ ದಂತ ಕಾಲೇಜು ಇದೆ, ಬಳ್ಳಾರಿಯಲ್ಲೂ ಒಂದಿದೆ. ಖಾಸಗಿ ದಂತ ಕಾಲೇಜುಗಳಲ್ಲೂ ಹೊರಗಿನ ಕ್ಲಿನಿಕ್‌ಗಿಂತ ಖರ್ಚು ಕಡಿಮೆ. ವಿದ್ಯಾರ್ಥಿಗಳು ಮಾಡುತ್ತಾರೆ, ಮೇಷ್ಟ್ರು ಪಕ್ಕದಲ್ಲೇ ನಿಂತು ನೋಡುತ್ತಾರೆ. ಅರ್ಧ ದಿನ ಹೋಗುತ್ತದೆ, ಅದೊಂದೇ ಕಷ್ಟ.

ಅದೇ ತೀರ್ಥಹಳ್ಳಿಯ ಸದಸ್ಯೆ: ಇನ್ನೊಂದು ಕೇಳಬೇಕಿತ್ತು. ನಮ್ಮ ಯಜಮಾನರು ಎಲೆಅಡಿಕೆ ಹಾಕುತ್ತಾರೆ. ಕಡ್ಡಿಪುಡಿ ಬಿಟ್ಟು ಮೂರು ವರ್ಷವಾಯಿತು. ಈಗ ಬರೀ ಅಡಿಕೆ, ಎಲೆ, ಸುಣ್ಣ. ತೊಂದರೆ ಇಲ್ಲ ತಾನೇ?

ಉತ್ತರ: ಅಡಿಕೆ ಬೆಳೆಯುವ ಊರಿನಲ್ಲಿ ಕೂತು ಇದನ್ನು ಹೇಳುವುದು ನನಗೂ ಕಷ್ಟ. ನಮ್ಮಪ್ಪನದೂ ತೋಟವೇ. ಆದರೂ ಹೇಳಬೇಕು. ತಂಬಾಕು ಇಲ್ಲದಿದ್ದರೂ ಅಡಿಕೆ ಜಗಿಯುವುದು ಕ್ಯಾನ್ಸರ್ ತರುತ್ತದೆ ಅಂತ ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ವಿಭಾಗ 2004ರಲ್ಲೇ ಹೇಳಿದೆ. ಅದಕ್ಕೂ ಮೊದಲು ಕೆನ್ನೆಯ ಒಳಭಾಗ ಬಿರುಸಾಗಿ ಬಾಯಿ ತೆರೆಯುವುದೇ ಕಡಿಮೆಯಾಗಬಹುದು. ಖಾರ ತಿಂದರೆ ಉರಿ ಇದೆಯಾ ಕೇಳಿ. ಅವರದೇ ಮೂರು ಬೆರಳನ್ನು ಒಂದರ ಮೇಲೊಂದು ನೆಟ್ಟಗೆ ಜೋಡಿಸಿ ಮುಂದಿನ ಹಲ್ಲುಗಳ ನಡುವೆ ಇಡಲು ಹೇಳಿ, ಹೋಗಬೇಕು. ಬಾಯೊಳಗೆ ಬಿಳಿ ಅಥವಾ ಕೆಂಪು ಮಚ್ಚೆ, ಎರಡು ವಾರವಾದರೂ ಮಾಯದ ಹುಣ್ಣು ಇದೆಯಾ ಅಂತ ಟಾರ್ಚ್ ಹಾಕಿ ನೋಡಿ.

ಅದೇ ಸದಸ್ಯೆ: ಈಗಷ್ಟೇ ನೋಡಿದೆವು ಡಾಕ್ಟ್ರೇ. ಹುಣ್ಣೇನೂ ಕಾಣಲಿಲ್ಲ. ಬೆರಳು ಎರಡೇ ಹೋಯಿತು. ಹೋಳಿಗೆಯನ್ನೂ ಮುರಿದು ಮುರಿದು ತಿನ್ನುತ್ತಿದ್ದರು, ವಯಸ್ಸಾಯಿತು ಅಂದುಕೊಂಡಿದ್ದೆ.

ಉತ್ತರ: ಹೆದರಬೇಡಿ, ಆದರೆ ತಡ ಮಾಡಬೇಡಿ. ಎಲೆ ತಟ್ಟೆಯನ್ನು ಇವತ್ತೇ ಒಳಗಿಡಿ. ನಾಳೆ ಬೆಳಗ್ಗೆ ಹತ್ತಿರದ ದಂತವೈದ್ಯರಲ್ಲಿಗೆ ಹೋಗಿ, ಇಬ್ಬರೂ.