ಸೈಕಲ್ ಸೀಟಿಂದ ಬಂದ ಗುಳ್ಳೆನಾ ಬೇರೆ ಏನಾದ್ರೂನಾ? ಡಾಕ್ಟರ್‌ಗೆ ಯಾವಾಗ ತೋರಿಸ್ಬೇಕು?

ಬೆಟ್ಟದ ಸವಾರ, ಚಿಕ್ಕಬಳ್ಳಾಪುರ:
ಕೇಳೋಕೆ ನಾಚಿಕೆ ಆಗ್ತಿದೆ, ಆದ್ರೂ ಕೇಳ್ತೀನಿ. ಭಾನುವಾರ ಭಾನುವಾರ ಸೈಕಲಲ್ಲಿ ನಂದಿಬೆಟ್ಟ ಹತ್ತೋನು ನಾನು, ಹೊಸ ಸೀಟ್ ಹಾಕ್ಸಿದ್ಮೇಲೆ ತೊಡೆಸಂದಲ್ಲಿ ಬೀಜದ ಪಕ್ಕಕ್ಕೇ ಕಡ್ಲೆಕಾಳಷ್ಟು ಕೆಂಪು ಗುಳ್ಳೆ ಎದ್ದಿದೆ, ಮುಟ್ಟಿದ್ರೆ ನೋವು. ಚರ್ಮದ ಮೇಲೆ ಸಣ್ಣ ಸಣ್ಣ ಹಳದಿ ಚುಕ್ಕಿನೂ ಇವೆ, ಮೊದ್ಲಿಂದ ಇದ್ವೋ ಈಗ ಬಂದ್ವೋ ಗೊತ್ತಿಲ್ಲ. ಗೂಗಲ್ ಮಾಡಿದ್ರೆ ಸೀದಾ ಏಡ್ಸ್‌ಗೇ ಕರ್ಕೊಂಡು ಹೋಗುತ್ತೆ. ಫೋಟೋ ಹಾಕ್ಲಾ?

ಗೇರ್ ಗಿರಾಕಿ:
ಮಗಾ ಟೆನ್ಶನ್ ಬೇಡ, ಮೆಡಿಕಲ್ ಸ್ಟೋರಲ್ಲಿ ತುರಿಕೆ ಟ್ಯೂಬ್ ಕೇಳಿ ಹಚ್ಚು. ನಂಗೆ ಎರಡೇ ದಿನಕ್ಕೆ ಹೋಯ್ತು.

ಹಳೇ ಚೈನು:
ಫೋಟೋ ಬೇಡಪ್ಪಾ ಪುಣ್ಯಾತ್ಮ, ಫೋಟೋ ನೋಡಿ ಹೇಳೋ ವಿಷಯ ಅಲ್ಲ ಇದು. ನಾನು ನರ್ಸ್, ಅದಕ್ಕೆ ಹೇಳ್ತಿದೀನಿ, ಆ ಟ್ಯೂಬ್ ಮಾತ್ರ ಹಚ್ಬೇಡಿ. ಅಂಗಡೀಲಿ ಚೀಟಿ ಇಲ್ದೆ ಕೊಡೋ ಟ್ಯೂಬಲ್ಲಿ ಎಷ್ಟೋ ಸಲ ಸ್ಟೀರಾಯ್ಡ್ ಇರುತ್ತೆ, ಕೆಂಪು ಉರಿ ಎಲ್ಲಾ ಇಳಿದಂಗೆ ಕಾಣುತ್ತೆ, ಒಳಗೆ ಫಂಗಸ್ ಇದ್ರೆ ಆರಾಮಾಗಿ ಹಬ್ಬುತ್ತೆ, ಅಲ್ಲಿನ ಚರ್ಮ ಮೊದ್ಲೇ ತೆಳು, ಇನ್ನೂ ತೆಳು ಆಗುತ್ತೆ, ಆಮೇಲೆ ಡಾಕ್ಟರ್ ನೋಡಿದ್ರೂ ಏನಿತ್ತು ಅಂತ ಗುರುತು ಸಿಗಲ್ಲ.

ನೀವು ಹೇಳಿದ್ದು ಕೇಳಿದ್ರೆ ಬೆವರು, ಸೀಟ್ ಉಜ್ಜಾಟಕ್ಕೆ ಕೂದಲ ಬುಡ ಊದಿರೋ ಥರ ಇದೆ. ಶೇವ್ ಮಾಡ್ತೀರಾ? ಮಾಡ್ತಿದ್ರೆ ನಿಲ್ಸಿ. ಉಗುರುಬೆಚ್ಚನೆ ನೀರಲ್ಲಿ ಬಟ್ಟೆ ಅದ್ದಿ ಇಡಿ, ಹಿಂಡ್ಬೇಡಿ. ರೈಡ್ ಮುಗಿದ್ಮೇಲೆ ಒದ್ದೆ ಶಾರ್ಟ್ಸಲ್ಲೇ ಇಡ್ಲಿ ತಿನ್ಕೊಂಡು ಒಂದು ಗಂಟೆ ಹರಟೆ ಹೊಡಿಯೋದು ಬಿಡಿ (ನಮ್ಮ ಗುಂಪಿಗೆ ಈ ಮಾತು ಎಷ್ಟ್ ಸಲ ಹೇಳಿದ್ರೂ ಅಷ್ಟೇ). ವಾರ ಹತ್ತು ದಿನದಲ್ಲಿ ಇಳೀಬೇಕು. ಎರಡು ವಾರ ಆದ್ರೂ ಹಾಗೇ ಇದ್ರೆ, ದೊಡ್ಡದಾಗ್ತಾ ಹೋದ್ರೆ, ಅದೇ ಜಾಗದಲ್ಲಿ ಮತ್ತೆ ಮತ್ತೆ ಬಂದ್ರೆ ತೋರಿಸಿ. ಹಳದಿ ಚುಕ್ಕಿ ಬಹುಶಃ ಎಣ್ಣೆ ಗ್ರಂಥಿ, ಫೋರ್ಡೈಸ್ ಸ್ಪಾಟ್ ಅಂತಾರೆ, ತುಟಿ ಮೇಲೂ ಇರುತ್ತೆ, ರೋಗ ಅಲ್ಲ.

ಕಾಯಬಾರದ್ದು ಯಾವುದು ಅಂದ್ರೆ, ಚರ್ಮ ಒಡೆದು ಹುಣ್ಣಾಗಿರೋದು. ನೋವಿಲ್ಲ ಅಂತ ಸುಮ್ನೆ ಇರ್ತಾರೆ ನೋಡಿ, ಅಲ್ಲೇ ಎಡವೋದು. ಸಿಫಿಲಿಸ್ ಅನ್ನೋ ಲೈಂಗಿಕ ರೋಗದ ಹುಣ್ಣಿಗೆ ಸಾಮಾನ್ಯವಾಗಿ ನೋವೇ ಇರಲ್ಲ, ಸಂಪರ್ಕ ಆಗಿ 10ರಿಂದ 90 ದಿನದಲ್ಲಿ ಕಾಣಿಸ್ಕೊಳ್ಳುತ್ತೆ, 3-6 ವಾರಕ್ಕೆ ತಾನೇ ಮಾಯುತ್ತೆ, ಆದ್ರೆ ರೋಗ ಮೈಯಲ್ಲೇ ಇರುತ್ತೆ. ಪೆನ್ಸಿಲಿನ್ ಇಂಜೆಕ್ಷನ್‌ಗೆ ವಾಸಿ ಆಗೋ ಕಾಯಿಲೆ ಅದು. ಗುಂಪಾಗಿ ಉರಿಯೋ ನೀರುಗುಳ್ಳೆ ಹರ್ಪಿಸ್ ಅನ್ನೋ ವೈರಸ್ ಸೋಂಕು ಇರಬಹುದು, ಹೂಕೋಸಿನ ಥರ ಬೆಳೆಯೋದು ಎಚ್‌ಪಿವಿ ಅನ್ನೋ ವೈರಸ್‌ನ ನರಹುಲಿ. ಇವಕ್ಕೆಲ್ಲ ಸಂಗಾತಿನೂ ಡಾಕ್ಟರ್‌ಗೆ ತೋರಿಸ್ಕೋಬೇಕು. ಶುಗರ್ ಇರೋರಿಗೆ ಜ್ವರದ ಜೊತೆ ಅಲ್ಲಿ ಬೇಗ ಬೇಗ ಊದ್ಕೊಂಡು, ತಡೆಯಕ್ಕಾಗ್ದಿರೋ ನೋವು ಬಂದು, ಚರ್ಮ ಕಪ್ಪಾದ್ರೆ ರಾತ್ರಿನೇ ಆಗ್ಲಿ ಕ್ಯಾಶುವಾಲ್ಟಿಗೆ ಹೋಗಿ.

ಬೆಟ್ಟದ ಸವಾರ:
ಥ್ಯಾಂಕ್ಸ್ ಅಕ್ಕಾ. ಇಲ್ಲಿ ಎಲ್ರೂ ಗುರುತಿನೋರೇ, ಎಲ್ಲಿಗೆ ಅಂತ ಹೋಗ್ಲಿ? ಬಸ್ ಸ್ಟ್ಯಾಂಡ್ ಗೋಡೆ ಮೇಲೆ ಗುಪ್ತರೋಗಕ್ಕೆ ಗ್ಯಾರಂಟಿ ಅಂತ ಒಂದು ನಂಬರ್ ಇದೆ...

ಹಳೇ ಚೈನು:
ಆ ಗೋಡೆ ಕಡೆ ತಿರುಗಿನೂ ನೋಡ್ಬೇಡಿ. ಸ್ಕಿನ್ ಡಾಕ್ಟರ್ ಓದೋದೇ ಚರ್ಮ ಮತ್ತು ಲೈಂಗಿಕ ರೋಗ ಎರಡೂ, ಚೀಟಿ ಬರೆಸೋವಾಗ ಚರ್ಮ ಅಂತಷ್ಟೇ ಹೇಳಿದ್ರೆ ಸಾಕು. ಜಿಲ್ಲಾಸ್ಪತ್ರೆಗಳಲ್ಲಿ ಲೈಂಗಿಕ ರೋಗ ನೋಡೋಕೆ ಸುರಕ್ಷಾ ಕ್ಲಿನಿಕ್ ಅಂತ ಇರುತ್ತೆ, ಫ್ರೀ. ಗುಳ್ಳೆ ನೋಡಿ ಎಚ್‌ಐವಿ ಹೇಳಕ್ಕಾಗಲ್ಲ, ರಕ್ತ ಪರೀಕ್ಷೆನೇ ಆಗ್ಬೇಕು, ಅನುಮಾನ ಇದ್ರೆ ಸರ್ಕಾರದ ಏಡ್ಸ್ ಸಹಾಯವಾಣಿ 1097ಕ್ಕೆ ಫೋನ್ ಮಾಡಿ, ದುಡ್ಡು ಬೀಳಲ್ಲ.

ಪೆಡಲ್ ಪುಟ್ಟಿ:
ಅಕ್ಕಾ ಹೆಂಗಸರಿಗೂ ಇದೇನಾ? ನಂಗೆ ಕೆಳಗೆ ಒಂದೇ ಪಕ್ಕ ಗಂಟಿನ ಥರ ಆಗಿದೆ, ಕೂರೋಕೆ ಕಷ್ಟ.

ಹಳೇ ಚೈನು:
ಪುಟ್ಟೀ, ನಿಂದು ಕಾಯೋದಲ್ಲ. ಯೋನಿ ಬಾಯಿ ಪಕ್ಕ ಬಾರ್ಥೋಲಿನ್ ಗ್ರಂಥಿ ಅಂತ ಇರುತ್ತೆ, ಅದರ ದಾರಿ ಕಟ್ಕೊಂಡ್ರೆ ಹಿಂಗೇ ಒಂದು ಪಕ್ಕ ಊದುತ್ತೆ, ಕೀವಾದ್ರೆ ಕೂರೋಕಾಗಲ್ಲ. ನಾಳೆನೇ ಲೇಡಿ ಡಾಕ್ಟರ್‌ಗೆ ತೋರಿಸು, ಜ್ವರ ಬಂದ್ರೆ ಇವತ್ತೇ.

ಗೇರ್ ಗಿರಾಕಿ:
ಅಕ್ಕಾ, ನನ್ನ ಟ್ಯೂಬಲ್ಲಿ ಕ್ಲೋಬೆಟಸಾಲ್ ಅಂತ ಬರ್ದಿದೆ, ಅದೇನಾ ಸ್ಟೀರಾಯ್ಡು?

ಹಳೇ ಚೈನು:
ಹೂಂ ಅದೇ, ಅದ್ರಲ್ಲೂ ತುಂಬಾ ಸ್ಟ್ರಾಂಗ್ ಇರೋದು. ಟ್ಯೂಬ್ ಸಮೇತ ನೀನೂ ಸ್ಕಿನ್ ಡಾಕ್ಟರ್ ಹತ್ರ ಹೋಗಿ ಬಾ.