ಚೇಳು ಮೀನು ಚುಚ್ಚಿತು, ಅದರ ಸಾರು ತಿನ್ನಬಹುದಾ?

ಪ್ರಶ್ನೆ:
ಸರ್ ನಮಸ್ತೆ. ನಮ್ಮ ಗದ್ದೆ ಕೊಡಗಿನ ನಾಪೋಕ್ಲು ಹತ್ತಿರ, ಹೊಳೆ ಪಕ್ಕದಲ್ಲೇ ಇದೆ. ನಾಲ್ಕು ದಿನದ ಹಿಂದೆ ನೀರು ಏರಿದಾಗ ತೋಡಿಗೆ ಮೀನು ಹಿಡಿಯುವ ಕೂಳಿ ಇಟ್ಟಿದ್ದೆವು. ಬೆಳಿಗ್ಗೆ ತಮ್ಮ ಕೂಳಿಯೊಳಗೆ ಕೈ ಹಾಕಿದ, ಒಂದು ಕಪ್ಪು ಮೀನು ಹೆಬ್ಬೆರಳಿಗೆ ಚುಚ್ಚಿತು. ಎರಡೇ ನಿಮಿಷದಲ್ಲಿ ಮೊಣಕೈ ತನಕ ಉರಿ ಹತ್ತಿ ಅವನು ಗದ್ದೆ ಬದುವಿನ ಮೇಲೆ ಕೂತೇಬಿಟ್ಟ. ದೊಡ್ಡಪ್ಪ ಹಾವು ಕಚ್ಚಿದವರಿಗೆ ಕಟ್ಟುವ ಹಾಗೆ ತೋಳಿಗೆ ಹಗ್ಗ ಬಿಗಿದು ಸುಣ್ಣ ಹಚ್ಚಿದರು. ಮನೆಯಲ್ಲಿ ಅದೇ ಮೀನಿಗೆ ಕಾಚಂಪುಳಿ (ನಮ್ಮ ಕಡೆಯ ಕಪ್ಪು ಹುಳಿ) ಹಾಕಿ ಸಾರು ಮಾಡಿ ಆಗಿತ್ತು, ವಿಷದ ಮೀನು ಅಂತ ಅಮ್ಮ ಪಾತ್ರೆ ಸಮೇತ ಹೊರಗೆ ಚೆಲ್ಲಿದರು. ಅದು ನಿಜವಾಗಿಯೂ ವಿಷದ ಮೀನಾ? ತಿಂದಿದ್ದರೆ ಏನಾಗುತ್ತಿತ್ತು?

ಉತ್ತರ:
ನಮಸ್ತೆ. ನೀವು ಹೇಳಿದ್ದು ನೋಡಿದರೆ ಅದು ಚೇಳು ಮೀನು. ಮುಖದ ಸುತ್ತ ಎಂಟು ಮೀಸೆ, ಚಪ್ಪಟೆ ತಲೆ, ಮೈಗೆ ಹುರುಪೆ ಇಲ್ಲ, ಬೆನ್ನಿನ ರೆಕ್ಕೆ ಚಿಕ್ಕದು, ಅಲ್ವಾ? ಬೆನ್ನಿನ ರೆಕ್ಕೆ ಉದ್ದಕ್ಕೂ ಬಾಲದ ತನಕ ಇದ್ದರೆ ಅದು ಮುರುಗೋಡು. ಅದೂ ಚುಚ್ಚುತ್ತದೆ, ಆದರೆ ಉರಿ ಕಡಿಮೆ.

ಸಾರು ಚೆಲ್ಲಬೇಕಾಗಿರಲಿಲ್ಲ. ಅಮ್ಮನನ್ನು ತಪ್ಪು ಅನ್ನುವುದಿಲ್ಲ, ಈ ಗೊಂದಲಕ್ಕೆ ನಮ್ಮ ಮಾತೇ ಕಾರಣ. ಚುಚ್ಚಿದರೆ ಏರುವುದಕ್ಕೂ ವಿಷ ಅನ್ನುತ್ತೇವೆ, ತಿಂದರೆ ಏರುವುದಕ್ಕೂ ವಿಷ ಅನ್ನುತ್ತೇವೆ. ಮೀನಿನಲ್ಲಿ ಇವೆರಡೂ ಪೂರ್ತಿ ಬೇರೆ ಬೇರೆ.

ಚೇಳು ಮೀನಿನ ಕಿವಿರಿನ ಹಿಂದೆ ಎರಡೂ ಪಕ್ಕದ ರೆಕ್ಕೆಯಲ್ಲಿ ಒಂದೊಂದು ಗಟ್ಟಿ ಮುಳ್ಳಿದೆ. ಹೆದರಿದಾಗ ಮೀನು ಆ ಮುಳ್ಳನ್ನು ಅಡ್ಡ ನಿಲ್ಲಿಸಿ ಬಿಗಿ ಹಿಡಿಯುತ್ತದೆ, ನೀವು ಒತ್ತಿದರೂ ಮಡಚುವುದಿಲ್ಲ. ಮುಳ್ಳಿನ ಮೇಲೆ ತೆಳು ಚರ್ಮ ಇದೆ, ವಿಷ ಇರುವುದು ಅದರ ಕೆಳಗೆ. ಮುಳ್ಳು ನಿಮ್ಮ ಬೆರಳಿಗೆ ಹೊಕ್ಕಾಗ ಆ ಚರ್ಮ ಹರಿದು ವಿಷ ಗಾಯದೊಳಗೆ ಇಳಿಯುತ್ತದೆ. ಹಾವಿನ ಹಾಗೆ ಅದು ಅಟ್ಟಿಸಿಕೊಂಡು ಬಂದು ಕಚ್ಚುವುದಿಲ್ಲ. ನಾವು ಹಿಡಿದದ್ದಕ್ಕೆ ಚುಚ್ಚಿತು, ಅಷ್ಟೇ. ಮೀಸೆ ಮೀನುಗಳ ಗುಂಪಿನಲ್ಲೇ ಹೀಗೆ ವಿಷದ ಮುಳ್ಳಿರುವ ಜಾತಿಗಳು ಕನಿಷ್ಠ 1,250 ಇವೆ ಅಂತ 2009ರ ಒಂದು ಅಧ್ಯಯನ ಲೆಕ್ಕ ಹಾಕಿದೆ.

ಈ ವಿಷ ಪ್ರೋಟೀನ್. ಬಿಸಿಗೆ ಕೆಡುತ್ತದೆ. ಅದಕ್ಕೇ ಬೆಂದ ಚೇಳು ಮೀನು ಒಳ್ಳೆಯ ಊಟ, ಬಂಗಾಳದ ಕಡೆ ಕಾಯಿಲೆಯಿಂದ ಎದ್ದವರಿಗೆ ಇದನ್ನೇ ಹುಡುಕಿ ತಂದು ಕೊಡುತ್ತಾರೆ. ಮಂಗಳೂರಿನಿಂದ ಬರುವ ತೊರಕೆ ಮೀನೂ ಹೀಗೇ: ವಿಷದ ಮುಳ್ಳು ಬಾಲದ ಮೇಲೆ ಇರುತ್ತದೆ, ಬಾಲ ಕಡಿದು ಹಾಕಿದರೆ ಉಳಿದದ್ದು ಗಸಿಗೆ.

ಚುಚ್ಚಿದಾಗ ಮಾಡಬೇಕಾದದ್ದೂ ಇದೇ ಬಿಸಿಯ ಲೆಕ್ಕ. ಬಚ್ಚಲು ಹಂಡೆಯಿಂದ ಬಿಸಿ ನೀರು ತಂದು, ತಡೆಯುವಷ್ಟು ಬಿಸಿ ಇರುವಾಗ ಬೆರಳು ಮುಳುಗಿಸಿ ಅರ್ಧ ಗಂಟೆಯಿಂದ ಒಂದೂವರೆ ಗಂಟೆ ಇಡಿ. ನೀರು 45 ಡಿಗ್ರಿ ದಾಟಬಾರದು. ಬಿಸಿ ಎಷ್ಟಿದೆ ಅಂತ ಚುಚ್ಚಿಸಿಕೊಳ್ಳದ ಕೈಯಲ್ಲಿ ನೋಡಿ, ನೋವಿರುವ ಕೈಗೆ ಸುಡುವುದು ಗೊತ್ತಾಗುವುದಿಲ್ಲ, ಬೊಬ್ಬೆ ಏಳುತ್ತದೆ. ಹಗ್ಗ ಬಿಗಿಯಬೇಡಿ, ಕೊಯ್ಯಬೇಡಿ, ಸುಣ್ಣ ಬೇಡ. ಹಾವಿನ ವಿಷಕ್ಕೆ ಕೊಡುವ ಇಂಜೆಕ್ಷನ್ ಇದಕ್ಕೆ ಕೆಲಸ ಮಾಡುವುದಿಲ್ಲ. ಆದರೆ ಟಿಟಿ ಇಂಜೆಕ್ಷನ್ ಹಾಕಿಸಬೇಕು. ಉಸಿರು ಕಟ್ಟಿದರೆ, ತಲೆ ಸುತ್ತಿದರೆ, ಎದೆ ಅಥವಾ ಹೊಟ್ಟೆಗೆ ಚುಚ್ಚಿದ್ದರೆ ಬಿಸಿ ನೀರು ಅಂತ ಕೂರದೆ ನೇರ ಆಸ್ಪತ್ರೆಗೆ ಹೋಗಿ.

ಪ್ರಶ್ನೆ (ವಿರಾಜಪೇಟೆಯಿಂದ):
ಹಾಗಾದರೆ ಎಲ್ಲಾ ಮೀನಿನ ವಿಷವೂ ಬೇಯಿಸಿದರೆ ಹೋಗುತ್ತದಾ ಸರ್? ಕಾಚಂಪುಳಿ ಹುಳಿಗೆ ಯಾವ ವಿಷವೂ ನಿಲ್ಲುವುದಿಲ್ಲ ಅಂತ ನಮ್ಮ ಅಜ್ಜಿ ಹೇಳುತ್ತಿದ್ದರು.

ಉತ್ತರ:
ಇಲ್ಲ, ದಯವಿಟ್ಟು ಹಾಗೆ ತಿಳಿದುಕೊಳ್ಳಬೇಡಿ. ಜೀವ ಹೋಗುವುದು ಇಲ್ಲೇ. ಸಮುದ್ರದಲ್ಲಿ ಪಫರ್ ಅಂತ ಮೀನಿದೆ, ಹೆದರಿದರೆ ನೀರು ಕುಡಿದು ಚೆಂಡಿನ ಹಾಗೆ ಉಬ್ಬುತ್ತದೆ. ಅದರಲ್ಲಿ ವಿಷದ ಮುಳ್ಳಿಲ್ಲ, ಮುಟ್ಟಿದರೆ ಏನೂ ಆಗುವುದಿಲ್ಲ. ವಿಷ ಇರುವುದು ಮೈಯ ಒಳಗೆ, ಹೆಚ್ಚಾಗಿ ಪಿತ್ತಜನಕಾಂಗ ಮತ್ತು ಮೊಟ್ಟೆಯಲ್ಲಿ, ಕೆಲವು ಜಾತಿಯಲ್ಲಿ ಚರ್ಮದಲ್ಲೂ ಇದೆ. ಟೆಟ್ರೊಡೊಟಾಕ್ಸಿನ್ ಅನ್ನುವ ಈ ವಿಷ ಕುದಿಸಿದರೂ ಹುರಿದರೂ ಹೋಗುವುದಿಲ್ಲ, ಕಾಚಂಪುಳಿಗೂ ಬಗ್ಗುವುದಿಲ್ಲ. ಮೊದಲು ತುಟಿ ಜುಮ್ ಅನ್ನುತ್ತದೆ, ಆಮೇಲೆ ಕೈಕಾಲು ಸೋಲುತ್ತವೆ, ಕೊನೆಗೆ ಉಸಿರಾಟದ ಸ್ನಾಯು ನಿಲ್ಲುತ್ತದೆ. ಮದ್ದಿಲ್ಲ, ವಿಷ ಇಳಿಯುವ ತನಕ ವೆಂಟಿಲೇಟರ್ ಮೇಲೆ ಇಟ್ಟು ಕಾಯಬೇಕು.

1774ರಲ್ಲಿ ಕ್ಯಾಪ್ಟನ್ ಕುಕ್ ನ್ಯೂ ಕ್ಯಾಲಿಡೋನಿಯಾದಲ್ಲಿ ಇಂಥದ್ದೇ ಮೀನಿನ ಪಿತ್ತಜನಕಾಂಗ, ಮೊಟ್ಟೆ ಸುಮ್ನೆ ರುಚಿ ನೋಡಿದ. ರಾತ್ರಿ ಕೈಕಾಲು ಮರಗಟ್ಟಿ, ಭಾರ ಯಾವುದು ಹಗುರ ಯಾವುದು ಅನ್ನುವುದೂ ತಿಳಿಯದ ಹಾಗಾಯಿತು. ಅದರ ಕರುಳು ತಿಂದ ಹಡಗಿನ ಹಂದಿ ಬೆಳಿಗ್ಗೆ ಸತ್ತಿತ್ತು. ಜಪಾನಿನಲ್ಲಿ ಇದನ್ನು ಕತ್ತರಿಸುವ ಬಾಣಸಿಗರಿಗೆ ಲೈಸೆನ್ಸ್ ಬೇಕು ಅನ್ನುವುದು ಸುಮ್ನೆ ಅಲ್ಲ.

ಪ್ರಶ್ನೆ (ಗೋಣಿಕೊಪ್ಪದಿಂದ):
ಅಣ್ಣ, ಕಳೆದ ತಿಂಗಳು ಸಂತೆಯಿಂದ ತಂದ ಬಂಗುಡೆ ತಿಂದು ಅರ್ಧ ಗಂಟೆಯಲ್ಲಿ ಮನೆಯವರಿಗೆಲ್ಲ ಮುಖ ಕೆಂಪಾಗಿ, ತುರಿಕೆ, ತಲೆನೋವು. ಬಂಗುಡೆಯಲ್ಲೂ ವಿಷ ಇದೆಯಾ?

ಉತ್ತರ:
ಬಂಗುಡೆ ವಿಷದ ಮೀನಲ್ಲ, ನಾವು ವಿಷ ಮಾಡಿಕೊಳ್ಳುತ್ತೇವೆ. ಬಂಗುಡೆ, ಮತ್ತಿ, ಟ್ಯೂನಾ ಇವನ್ನು ಐಸ್ ಇಲ್ಲದೆ ಇಟ್ಟರೆ ಬ್ಯಾಕ್ಟೀರಿಯಾ ಬೆಳೆದು, ತುರಿಕೆ ತರಿಸುವ ಹಿಸ್ಟಮೀನ್ ಅನ್ನುವ ರಾಸಾಯನಿಕ ತುಂಬುತ್ತದೆ. ಹುರಿದರೂ ಹೋಗುವುದಿಲ್ಲ, ಆಮೇಲೆ ಫ್ರಿಜ್‌ನಲ್ಲಿಟ್ಟರೂ ಹೋಗುವುದಿಲ್ಲ, ಎಷ್ಟೋ ಸಲ ವಾಸನೆಯೂ ಬರುವುದಿಲ್ಲ. ನಾಲಿಗೆಗೆ ಮೆಣಸಿನ ಚುರುಕು ಹತ್ತಿದರೆ ಅಲ್ಲೇ ಬಿಟ್ಟುಬಿಡಿ. ಕರಾವಳಿಯಿಂದ ಘಾಟಿ ಹತ್ತಿ ಬರುವ ಮೀನು ನಮಗೆ, ಆದ್ದರಿಂದ ಕಿವಿರು ನೋಡುವ ಮೊದಲು ಪೆಟ್ಟಿಗೆಯಲ್ಲಿ ಐಸ್ ಎಷ್ಟಿದೆ ನೋಡಿ. ಕೊಂಡ ಮೇಲೆ ಕಾರಿನ ಡಿಕ್ಕಿಯಲ್ಲಿಟ್ಟು ಮೂರು ಕಡೆ ಸುತ್ತಬೇಡಿ.

ಮೊದಲು ಕೇಳಿದವರು:
ತುಂಬಾ ಥ್ಯಾಂಕ್ಸ್ ಸರ್. ಇನ್ನೊಂದು. ತಮ್ಮನಿಗೆ ಉರಿ ಅದೇ ದಿನ ಸಂಜೆ ಇಳಿಯಿತು, ಆದರೆ ಬೆರಳು ಇನ್ನೂ ಊದಿಕೊಂಡಿದೆ, ಮುಟ್ಟಿದರೆ ಬಿಸಿ. ಗಾಯ ಇರುವಾಗ ಮೀನು ನಂಜು ಅಂತ ಅವನಿಗೆ ಮೀನು ಕೊಡುತ್ತಿಲ್ಲ.

ಉತ್ತರ:
ಮೀನು ಬಿಟ್ಟರೆ ಆ ಊತ ಇಳಿಯುವುದಿಲ್ಲ. ನಂಜಾಗಿರುವುದು ಗದ್ದೆಯ ಕೆಸರಿನಿಂದ, ಅಥವಾ ಮುಳ್ಳಿನ ತುದಿ ಒಳಗೇ ಮುರಿದು ಕೂತಿದೆ. ಆ ಮುಳ್ಳಿಗೆ ಗರಗಸದ ಹಾಗೆ ಹಲ್ಲು ಇರುತ್ತದೆ, ಎಳೆದಾಗ ತುಂಡಾಗುವುದು ಜಾಸ್ತಿ. ನಾಳೆ ಅನ್ನಬೇಡಿ, ಇವತ್ತೇ ಡಾಕ್ಟರ್ ಹತ್ತಿರ ಹೋಗಿ. ಮುಳ್ಳು ಚುಚ್ಚಿದೆ ಅಂತಷ್ಟೇ ಹೇಳಬೇಡಿ, ಚೇಳು ಮೀನು ಅಂತ ಹೇಳಿ, ಎಕ್ಸ್‌ರೇ ಬೇಕಾ ಅಂತ ಕೇಳಿ.

ಮೊದಲು ಕೇಳಿದವರು (ಸಂಜೆ):
ಹೋಗಿ ಬಂದೆವು ಸರ್. ತುದಿ ಒಳಗೇ ಇತ್ತು, ಅಕ್ಕಿ ನುಚ್ಚಿನಷ್ಟು. ತೆಗೆದು ಮಾತ್ರೆ ಬರೆದಿದ್ದಾರೆ, ಟಿಟಿ ಹಾಕಿದ್ದಾರೆ. ತುಂಡನ್ನು ಹತ್ತಿಯಲ್ಲಿ ಸುತ್ತಿ ತಂದು ಅಮ್ಮನಿಗೆ ತೋರಿಸಿದ ತಮ್ಮ.