ಸಹಾಯ ಬೇಕು: ಕೇಲ್ ಹತ್ತಿರ ಕನ್ನಡದವರು ಯಾರಾದ್ರೂ ಇದ್ದೀರಾ?

ಎಲ್ಲರಿಗೂ ನಮಸ್ಕಾರ. ನಾನಿರುವುದು ಜರ್ಮನಿಯ ಕೇಲ್‌ನಲ್ಲಿ. ಸಣ್ಣ ಊರು, ರೈನ್ ನದಿ ದಾಟಿದರೆ ಫ್ರಾನ್ಸಿನ ಸ್ಟ್ರಾಸ್‌ಬರ್ಗ್. 2017ರಿಂದ ಅಲ್ಲಿನ ಟ್ರಾಮ್ ನಮ್ಮೂರಿಗೇ ಬರುತ್ತದೆ. ಗಡಿ ಅಂತ ಅನ್ನಿಸುವುದೇ ಇಲ್ಲ.

ಅಲ್ಲೇ ಎಡವಟ್ಟಾಗಿದ್ದು. ಹಾಸನದಿಂದ ಅಪ್ಪ ಅಮ್ಮ 90 ದಿನದ ವೀಸಾದಲ್ಲಿ ಬಂದಿದ್ದಾರೆ. ಮೊನ್ನೆ ಅಪ್ಪ ವಾಕಿಂಗ್ ಅಂತ ಹೊರಟವರು ಕಾಲುಸೇತುವೆ ದಾಟಿ ಆ ಕಡೆ ಹೋಗಿಬಿಟ್ಟಿದ್ದಾರೆ. ಕಾಲು ನೋವು ಅಂತ ವಾಪಸ್ ಬರಲು ಟ್ರಾಮ್ ಹತ್ತಿದ್ದಾರೆ. 2024ರ ಸೆಪ್ಟೆಂಬರ್‌ನಿಂದ ಜರ್ಮನಿ ಈ ಗಡಿಯಲ್ಲೂ ತಪಾಸಣೆ ಶುರು ಮಾಡಿದೆಯಲ್ಲ, ಪೊಲೀಸರು ಪಾಸ್‌ಪೋರ್ಟ್ ಕೇಳಿದರು. ಅದೋ ಮನೆಯ ಬೀರುವಿನಲ್ಲಿ, ಅಮ್ಮನ ಸೀರೆ ಕೆಳಗೆ! ನಾನು ಓಡಿಹೋಗಿ ತೋರಿಸಿದ ಮೇಲೆ ಬಿಟ್ಟರು. ಒರಟಾಗಿ ಏನೂ ಮಾತಾಡಲಿಲ್ಲ, ಅದು ನಿಜ. ಆದರೆ ಅಪ್ಪ ಅವತ್ತಿನಿಂದ ಹೊಸ್ತಿಲು ದಾಟುತ್ತಿಲ್ಲ. ಸುಮ್ನೆ ಕಿಟಕಿ ಹತ್ತಿರ ಕೂತಿರುತ್ತಾರೆ.

ನಾನು ಬೆಳಿಗ್ಗೆ ಎಂಟಕ್ಕೆ ಹೋದರೆ ಬರುವುದು ಸಂಜೆ ಆರಕ್ಕೆ. ಕೇಲ್, ಓಫನ್‌ಬುರ್ಗ್, ಸ್ಟ್ರಾಸ್‌ಬರ್ಗ್ ಕಡೆ ಕನ್ನಡ ಮಾತಾಡುವವರಿದ್ದರೆ, ವಾರಕ್ಕೊಂದು ದಿನ ಅಪ್ಪನ ಜೊತೆ ನದಿ ದಡದಲ್ಲಿ ಒಂದು ಸುತ್ತು ಹಾಕುತ್ತೀರಾ? ಅರ್ಧ ಗಂಟೆಯಾದರೂ ಸಾಕು. ಅಮ್ಮ ಕಾಫಿ, ಕೋಡುಬಳೆ ಕೊಡದೆ ಕಳಿಸುವುದಿಲ್ಲ. ಪಾಸ್‌ಪೋರ್ಟ್ ಜೇಬಲ್ಲಿರುತ್ತದೆ, ಆ ಜವಾಬ್ದಾರಿ ನನ್ನದು. ದಯವಿಟ್ಟು ಮೆಸೇಜ್ ಮಾಡಿ.